ಸೇತುವೆ ಎದ್ದಿತ್ತು

ಆ ದಿನ ಥರ್ಮಾಮೀಟರ್ ತೋರಿಸುತ್ತಿದ್ದದ್ದು ನೂರೊಂದು. ಫೋನಿನಲ್ಲಿ ನಾನು ಹೇಳಿದ್ದು ನೂರನಾಲ್ಕು.

ಇದಾಗಿ ಹನ್ನೊಂದು ತಿಂಗಳು. ಮಗಳು ಟೆಸ್ ಈಗ ಸಿರಾಕ್ಯೂಸಿನ ಈ ಮನೆಯ ತುಂಬ ಓಡಾಡುತ್ತಾಳೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ, ನಾನು ಹಿಂದೆಯೇ ಓಡುತ್ತೇನೆ. ಓಡುವಾಗಲೂ, ಪಾತ್ರೆ ತೊಳೆಯುವಾಗಲೂ, ಅಂಗಡಿಯ ಸಾಲಿನಲ್ಲಿ ನಿಂತಾಗಲೂ ಆ ಮೂರು ಡಿಗ್ರಿ ತಲೆಯೊಳಗೆ ಕೂತೇ ಇರುತ್ತದೆ. ಯಾಕೆ ಹಾಗಂದೆ? ಅಷ್ಟು ಸಲೀಸಾಗಿ ಬಾಯಿಗೆ ಹೇಗೆ ಬಂತು? ಗಂಡ ಡೇಲ್‌ಗೆ ಹೇಳಿಲ್ಲ. ಹೇಳಬೇಕಾದವರಿಗಂತೂ ಹೇಳಿಯೇ ಇಲ್ಲ.

ಹೇಳಬೇಕಾದವರು ಆಲ್ತಿಯಾ ಪೂಲ್. ಗೇನ್ಸ್‌ಪೋರ್ಟಿನಲ್ಲಿ ಇಪ್ಪತ್ತೇಳು ವರ್ಷದಿಂದ ಶಾಲೆಯ ಬಸ್ಸು ಓಡಿಸುವವರು. ಅವರದು ಜೋಡಿ ಮನೆ. ಒಂದು ಪಾಲಿನಲ್ಲಿ ಅವರೂ ಅವರ ತಾಯಿ ಎರ್ಲೀನ್ ಅವರೂ ಇದ್ದರು, ಇನ್ನೊಂದು ಪಾಲನ್ನು ಬಾಡಿಗೆಗೆ ಹಿಡಿದು ನಾವಿದ್ದೆವು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಟೆಸ್ ಸೀನಿದರೆ ಆ ಕಡೆಯಿಂದ ಮಿಸ್ ಎರ್ಲೀನ್ (ತಾಯಿ ಮಗಳಿಬ್ಬರನ್ನೂ ಊರವರೆಲ್ಲ ಗೌರವಕ್ಕೆ ಮಿಸ್ ಎಂದೇ ಕರೆಯುತ್ತಿದ್ದರು) "ದೇವರು ಕಾಯಲಿ" ಎನ್ನುವುದು ಕೇಳಿಸುತ್ತಿತ್ತು.

ನಾನು ರಾಚೆಸ್ಟರ್ ಪಟ್ಟಣದಲ್ಲಿ ಓದಿದವಳು. ಡೇಲ್‌ನ ಕೆಲಸಕ್ಕಾಗಿ ಗೇನ್ಸ್‌ಪೋರ್ಟ್ ಎಂಬ ಆ ಕಾಲುವೆಯ ಊರಿಗೆ ಹೋದಾಗ ಮೊದಲು ಕಲಿತದ್ದು ಅಲ್ಲಿನ ಸೇತುವೆಯ ವಿಷಯ. ದೋಣಿ ಬಂದರೆ ಗಂಟೆ ಹೊಡೆಯುತ್ತದೆ, ಇಡೀ ಸೇತುವೆ ನೆಟ್ಟಗೆ ಮೇಲೇಳುತ್ತದೆ, ಎರಡೂ ದಡದಲ್ಲಿ ಕಾರುಗಳು ಹತ್ತು ಹದಿನೈದು ನಿಮಿಷ ಸುಮ್ಮನೆ ನಿಲ್ಲುತ್ತವೆ. ಹಾಗಾಗಿ ಆ ಊರಿನಲ್ಲಿ ಯಾರು ಎಲ್ಲಿಗೆ ತಡವಾಗಿ ಹೋದರೂ ಕಾರಣ ಒಂದೇ: "ಸೇತುವೆ ಎದ್ದಿತ್ತು." ಪಾದ್ರಿಯೂ ಹಾಗೇ ಹೇಳುತ್ತಾರೆ. ಚಳಿಗಾಲದಲ್ಲಿ ಕಾಲುವೆಯ ನೀರು ಬಸಿದು, ದೋಣಿಯ ಸುಳಿವೇ ಇಲ್ಲದಾಗಲೂ ಹೇಳುವವರಿದ್ದಾರೆ. ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅದು ಅಲ್ಲಿನ ಮರ್ಯಾದೆ.

ಮಿಸ್ ಆಲ್ತಿಯಾ ಹೈಸ್ಕೂಲು ಮುಗಿಸಿರಲಿಲ್ಲ. ಅಂದರೆ ಎಲ್ಲ ತರಗತಿಗಳನ್ನೂ ಮುಗಿಸಿದ್ದರು, ಎಲ್ಲ ವಿಷಯಗಳಲ್ಲೂ ಪಾಸಾಗಿದ್ದರು, ಅಮೆರಿಕದ ಇತಿಹಾಸ ಒಂದನ್ನು ಬಿಟ್ಟು. ಆ ಒಂದು ಪರೀಕ್ಷೆಗಾಗಿ ಸರ್ಟಿಫಿಕೇಟ್ ನಿಂತುಹೋಗಿ ಮೂವತ್ತಮೂರು ವರ್ಷವಾಗಿತ್ತು. ಬಸ್ಸಿನ ಮಕ್ಕಳು ಜೂನ್ ಬಂತೆಂದರೆ ಪರೀಕ್ಷೆಯ ಹಳೆಯ ಪತ್ರಿಕೆಗಳನ್ನು ಹಿಡಿದುಕೊಂಡು ಸೀಟಿನಿಂದ ಸೀಟಿಗೆ ಕೂಗಾಡುತ್ತಿದ್ದರಂತೆ. ಇವರು ಕನ್ನಡಿಯಲ್ಲಿ ನೋಡುತ್ತ, ಕೇಳಿಸಿಕೊಳ್ಳುತ್ತ, ಬಸ್ಸು ಓಡಿಸಿದರು.

"ಲಿಂಕನ್‌ನಿಂದ ಈಚೆಗೆ ಏನು ಬೇಕಾದರೂ ಕೇಳು, ಹೇಳ್ತೀನಿ" ಎಂದರು ಒಂದು ದಿನ, ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ. "ಕೊಲಂಬಸ್‌ನದೂ ಹೇಳ್ತೀನಿ. ನಡುವಿನದು ಮಾತ್ರ ನನಗೆ ಸಿಕ್ಕೇ ಇಲ್ಲ."

"ಸಿಕ್ಕೇ ಇಲ್ಲ ಅಂದ್ರೆ?"

"ಸೇಬು ಕೀಳೋಕೆ ಹೋಗಿದ್ದೆ ಕಂದಾ."

ಅವರ ಮನೆಯವರು ಮೂಲತಃ ಫ್ಲಾರಿಡಾದ ಕಪ್ಪು ಜನ, ಹಿಂದೆ ಗುಲಾಮರಾಗಿದ್ದವರ ವಂಶ. ಪ್ರತಿ ವರ್ಷ ಆಗಸ್ಟ್ ಕೊನೆಗೆ ಹಳೆಯ ಬಸ್ಸೊಂದರಲ್ಲಿ ಹಾಸಿಗೆ ಸಮೇತ ಉತ್ತರಕ್ಕೆ, ನಮ್ಮ ಕಾಲುವೆ ಸೀಮೆಯ ತೋಟಗಳಿಗೆ ಬರುತ್ತಿದ್ದರು. ತೋಟದ ಹಿಂದಿನ ಶೆಡ್ಡುಗಳಲ್ಲಿ ವಾಸ. ಸೆಪ್ಟೆಂಬರ್ ಮೊದಲ ಎರಡು ವಾರ ಮಕ್ಕಳನ್ನು ಗೇನ್ಸ್‌ಪೋರ್ಟಿನ ಶಾಲೆಗೆ ಕಳಿಸುತ್ತಿದ್ದರು. ಅಷ್ಟರಲ್ಲಿ ಟೀಚರ್ ಕೊಲಂಬಸ್‌ನ ಮೂರು ಹಡಗುಗಳನ್ನು ದಡ ಮುಟ್ಟಿಸಿರುತ್ತಿದ್ದರು. ಆಮೇಲೆ ಸೇಬು ಹಣ್ಣಾಗುತ್ತಿತ್ತು, ಕೈಯಿದ್ದವರೆಲ್ಲ ಏಣಿ ಹತ್ತಬೇಕು. ನವೆಂಬರ್ ನಡುವೆ ಫ್ಲಾರಿಡಾಕ್ಕೆ ವಾಪಸಾಗುವಾಗ ಅಲ್ಲಿನ ತರಗತಿಯಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಗಿರುತ್ತಿತ್ತು. ಹೀಗೆ ವರ್ಷಾ ವರ್ಷಾ ಕೊಲಂಬಸ್ ಬಂದಿಳಿಯುತ್ತಿದ್ದ, ಕೂಡಲೇ ಲಿಂಕನ್ ಎದ್ದು ನಿಲ್ಲುತ್ತಿದ್ದ. ನಡುವಿನ ಮುನ್ನೂರೈವತ್ತು ವರ್ಷ ಸೇಬಿನ ಬುಟ್ಟಿಯೊಳಗೆ ಹೋಗಿತ್ತು.

ಅವರಿಗೆ ಹದಿನಾಲ್ಕಾದಾಗ ತಾಯಿ ಗೇನ್ಸ್‌ಪೋರ್ಟಿನಲ್ಲೇ ನೆಲೆಯೂರಿದರು. ಆದರೂ ಹಣ್ಣಿನ ಕಾಲದಲ್ಲಿ ಮಗಳನ್ನು ಶಾಲೆ ಬಿಡಿಸುವುದು ತಪ್ಪಲಿಲ್ಲ. ಹನ್ನೊಂದನೇ ತರಗತಿಯಲ್ಲೂ ಅದೇ ಎರಡು ತಿಂಗಳು ಹೋದವು. ಜೂನಿನಲ್ಲಿ ಪರೀಕ್ಷೆಗೆ ಕೂತು ಪತ್ರಿಕೆ ಬಿಡಿಸಿದರೆ ಮೊದಲ ಪುಟದ ಪ್ರಶ್ನೆಗಳೆಲ್ಲ ಆ ಎರಡು ತಿಂಗಳಿನವೇ. ಒಂದು, ಎರಡು, ಮೂರು, ಒಂದೂ ಗೊತ್ತಿಲ್ಲ. ಹನ್ನೆರಡನೆಯದಕ್ಕೆ ಬಂದಾಗ ಎದ್ದು, ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಹೊರಗೆ ನಡೆದುಬಿಟ್ಟರು. ಪುಟ ತಿರುಗಿಸಿದ್ದರೆ ಗೊತ್ತಿದ್ದದ್ದು ಸಿಗುತ್ತಿತ್ತು. ತಿರುಗಿಸಲಿಲ್ಲ.

"ಎಲ್ಲರ ಪೆನ್ಸಿಲ್ಲೂ ಓಡ್ತಿತ್ತು, ನನ್ನದು ಮಾತ್ರ ನಿಂತಿತ್ತು" ಎಂದರು.

ಆ ವಸಂತದಲ್ಲಿ ಅವರಿಗೆ ಪರೀಕ್ಷೆಯ ನೆನಪಾದದ್ದು ತಾಯಿಯಿಂದ. ಮಿಸ್ ಎರ್ಲೀನ್‌ಗೆ ಎಂಬತ್ತನಾಲ್ಕು. ಹೃದಯ ಸೋತಿದೆ, ಬೇಸಿಗೆ ದಾಟಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಆಕೆ ದಿನಕ್ಕೊಮ್ಮೆಯಾದರೂ ಒಂದೇ ಮಾತು ಆಡುತ್ತಿದ್ದರು: "ನಿನ್ನ ಪುಸ್ತಕ ಕಿತ್ತುಕೊಂಡು ಬುಟ್ಟಿ ಕೊಟ್ಟವಳು ನಾನೇ ಆಲ್ತಿಯಾ." ಆ ಭಾರ ಹೊತ್ತುಕೊಂಡು ತಾಯಿ ಹೋಗಬಾರದೆಂದು ಮಗಳ ಹಟ. ಶಾಲೆಯಲ್ಲಿ ವಿಚಾರಿಸಿದರೆ, ಹಳೆಯ ವಿದ್ಯಾರ್ಥಿಯಾದ್ದರಿಂದ ಜೂನಿನಲ್ಲಿ ಮಕ್ಕಳ ಜೊತೆಯಲ್ಲೇ ಕೂತು ಬರೆಯಬಹುದು ಎಂದರಂತೆ.

"ನೀನು ಪಟ್ಟಣದಲ್ಲಿ ಓದಿದವಳು. ಇತಿಹಾಸದಲ್ಲಿ ಎಷ್ಟು ಬಂದಿತ್ತು?"

"ತೊಂಬತ್ತೊಂದು."

"ಹಾಗಾದ್ರೆ ನೀನೇ ನನ್ನ ಮೇಷ್ಟ್ರು. ಮಗೂನ ಅಮ್ಮ ಎತ್ತಿಕೊಂಡಿರ್ತಾಳೆ."

ಬೆಳಗಿನ ಟ್ರಿಪ್ಪು ಮುಗಿಸಿ ಅವರು ಒಂಬತ್ತೂವರೆಗೆ ಬರುತ್ತಿದ್ದರು, ಮಧ್ಯಾಹ್ನದ ಟ್ರಿಪ್ಪಿಗೆ ಒಂದೂಮುಕ್ಕಾಲಿಗೆ ಹೋಗಬೇಕು. ಆ ನಡುವೆ ಅವರ ಅಡುಗೆಮನೆಯ ಮೇಜಿನ ಮೇಲೆ ಪಾಠ. ಬಸ್ ಶೆಡ್ಡಿನಲ್ಲಿ ಲಾಯ್ಡ್ ಎಂಬ ಹಳೆಯ ಡ್ರೈವರ್ "ಏನವ್ವಾ, ಹೋಂವರ್ಕ್ ಮಾಡಿದ್ಯಾ? ಇಲ್ಲಾಂದ್ರೆ ಬೆಂಚಿನ ಮೇಲೆ ನಿಲ್ಲು" ಎಂದು ಕಿಚಾಯಿಸುತ್ತಿದ್ದನಂತೆ. "ನಿನ್ನ ಮದುವೆ ಇತಿಹಾಸಕ್ಕಿಂತ ಇದು ಸುಲಭ ಕಣೋ, ಇದರಲ್ಲಿ ಯುದ್ಧ ಕಡಿಮೆ" ಎಂದು ಇವರು ತಿರುಗಿಸಿ ಕೊಡುತ್ತಿದ್ದರಂತೆ.

ನನಗೆ ಪಾಠ ಹೇಳುವಾಗಲೂ ನೆಮ್ಮದಿಯಿಲ್ಲ. ಜೇಬಿನಲ್ಲಿ ಥರ್ಮಾಮೀಟರ್. ಟೆಸ್ ನಿದ್ದೆ ಮಾಡಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಡುನಡುವೆ ಎದ್ದು ನೋಡುತ್ತಿದ್ದೆ.

"ಕೂತ್ಕೋ ಜನೀನ್" ಎನ್ನುತ್ತಿದ್ದರು ಮಿಸ್ ಎರ್ಲೀನ್. "ನನ್ನ ಮಕ್ಕಳು ಮರದ ಕೆಳಗೆ ಬುಟ್ಟಿಯಲ್ಲಿ ಮಲಗಿ ಬೆಳೆದರು. ಮೇಲಿಂದ ಸೇಬು ಬಿದ್ದರೂ ಏಳ್ತಿರಲಿಲ್ಲ."

ನಡುವಿನ ಆ ಕಾಲವನ್ನು ಮಿಸ್ ಆಲ್ತಿಯಾ ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಕೇಳುತ್ತಿದ್ದರು. ನಮಗೆಲ್ಲ ಬಾಯಿಪಾಠವಾಗಿ ಸವೆದುಹೋದದ್ದು ಅವರಿಗೆ ಬಿಸಿ ಸುದ್ದಿ. ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದರು ಎಂದರೆ ತಕ್ಷಣ, "ಅಷ್ಟು ಚಹಾನಾ! ಮಾರನೇ ದಿನ ಗುಡಿಸಿದವರು ಯಾರು?" ಎಂದು ಕೇಳಿದರು. ನನಗೆ ತೊಂಬತ್ತೊಂದು ಬಂದಿತ್ತು, ಉತ್ತರ ಗೊತ್ತಿರಲಿಲ್ಲ.

ಸಂವಿಧಾನದ ಪಾಠಕ್ಕೆ ಬಂದ ದಿನ ನೆನಪಿದೆ. ಜನಸಂಖ್ಯೆ ಲೆಕ್ಕ ಹಿಡಿಯುವಾಗ ಗುಲಾಮರನ್ನು ಹೇಗೆ ಎಣಿಸಬೇಕು ಎಂದು ಉತ್ತರದವರೂ ದಕ್ಷಿಣದವರೂ ಜಗಳವಾಡಿ, ಕೊನೆಗೆ ಒಬ್ಬೊಬ್ಬರನ್ನು ಐದರಲ್ಲಿ ಮೂರು ಪಾಲು ಎಂದು ಒಪ್ಪಿಕೊಂಡದ್ದು. ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆ. ನಾನು ಗಡಬಡಿಸಿ ಓದಿ ದಾಟಿಬಿಡಬೇಕೆಂದಿದ್ದೆ. ಮಿಸ್ ಆಲ್ತಿಯಾ ಕೈ ಅಡ್ಡ ಹಿಡಿದರು.

"ತಡಿ. ಇನ್ನೊಂದ್ಸಲ ಓದು."

ಓದಿದೆ. ಅವರು ತಮ್ಮ ಎಡಗೈಯ ಐದು ಬೆರಳುಗಳನ್ನು ಮೇಜಿನ ಮೇಲೆ ಹರಡಿ, ಎರಡನ್ನು ಮಡಚಿ, ಉಳಿದದ್ದನ್ನು ನೋಡುತ್ತ ಕೂತರು. ಕಿಟಕಿಯ ಕಡೆಯಿಂದ ಮಿಸ್ ಎರ್ಲೀನ್, ಮಡಿಲಲ್ಲಿ ಟೆಸ್‌ಳನ್ನು ಆಡಿಸುತ್ತಲೇ ಕೇಳಿದರು:

"ಉಳಿದೆರಡು ಪಾಲು ಯಾರ ಹತ್ತಿರ ಇತ್ತಂತೆ?"

ಮಿಸ್ ಆಲ್ತಿಯಾ ನಕ್ಕರು, ಒಳ್ಳೆಯ ನಗುವಲ್ಲ. "ಅಮ್ಮಾ, ಇದನ್ನ ಹೇಳಿಕೊಡೋ ದಿನ ನೀನು ನನ್ನನ್ನ ಏಣಿ ಹತ್ತಿಸಿದ್ದೆ. ಸೇಬೇ ವಾಸಿ."

"ಇಲ್ಲ, ಗೊತ್ತಿರಬೇಕಿತ್ತು" ಎಂದರು ತಾಯಿ. "ಗೊತ್ತಿಲ್ಲದೆ ಇಷ್ಟು ವರ್ಷ ಇದ್ದೆವಲ್ಲ."

ಕಾಲುವೆಯ ಪಾಠ ಮಾತ್ರ ಹಬ್ಬವಾಯಿತು. ನಮ್ಮ ಕಿಟಕಿಯಿಂದ ಕಾಣುತ್ತಿದ್ದ ಅದೇ ಕಾಲುವೆ, ಅದನ್ನು ತೋಡಿದ್ದರಿಂದ ದೇಶಕ್ಕೇನಾಯಿತು ಎಂಬ ಪ್ರಶ್ನೆ ಹೆಚ್ಚುಕಡಿಮೆ ಪ್ರತಿ ವರ್ಷ ಬರುತ್ತದೆ. "ಏನಾಯ್ತು ಅಂದ್ರೆ, ಎರಡು ನೂರು ವರ್ಷ ಆದ್ಮೇಲೂ ಆಲ್ತಿಯಾ ಪೂಲ್ ಸೇತುವೆ ಹತ್ರ ಬಸ್ ನಿಲ್ಲಿಸ್ಕೊಂಡು ಕಾಯ್ತಾಳೆ, ಅದಾಯ್ತು ಅಂತ ಬರಿ" ಎಂದು ಅವರು ಮೇಜು ಕುಟ್ಟಿ ನಕ್ಕರು.

ಮೇ ಕೊನೆಗೆ ಹಳೆಯ ಪತ್ರಿಕೆಗಳಲ್ಲಿ ಎಂಬತ್ತರ ಹತ್ತಿರ ಬರುತ್ತಿದ್ದರು. ಪಾಸಾಗಲು ಅರವತ್ತೈದು ಸಾಕು. ಆದರೆ ಪ್ರತಿ ಸಲ ಮೊದಲ ಪುಟ ಬಿಡಿಸುವಾಗ ಅವರ ಮೇಲ್ದುಟಿಯ ಮೇಲೆ ಬೆವರು ಮೂಡುವುದನ್ನು ನಾನು ನೋಡಿದ್ದೆ. "ಬರುತ್ತೆ, ಎಲ್ಲ ಬರುತ್ತೆ ನಿಮಗೆ" ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಮಗುವಿನ ಹಣೆ ಮುಟ್ಟಿ ನೋಡುವ ಗಡಿಬಿಡಿಯಲ್ಲಿ ಅವರ ಬೆವರನ್ನು ಯಾಕೆಂದು ಕೇಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅವರು ಟ್ರಿಪ್ಪನ್ನು ಲಾಯ್ಡ್‌ಗೆ ವಹಿಸಿ, ಚರ್ಚಿಗೆ ಉಡುವ ನೀಲಿ ಉಡುಪು ತೊಟ್ಟು, ಕೆತ್ತಿದ ಎರಡು ಪೆನ್ಸಿಲ್ ಹಿಡಿದು ಹೊರಟರು. ಮಿಸ್ ಎರ್ಲೀನ್ ಅಗಲ ಅಂಚಿನ ಬಿಳಿ ಹ್ಯಾಟ್ ಹಾಕಿಕೊಂಡು ಕಿಟಕಿಯಲ್ಲಿ ಕೂತಿದ್ದರು.

"ಅಮ್ಮಾ, ಬರೀತಿರೋದು ನಾನು, ನೀನಲ್ಲ. ಆ ಹ್ಯಾಟ್ ತೆಗಿ."

"ನೀನು ಬಂದ್ಮೇಲೆ ತೆಗೀತೀನಿ. ಹೋಗು, ತಿರುಗಿ ನೋಡಬೇಡ."

ಅವರು ಹೋಗಿ ಕಾಲು ಗಂಟೆಯಾಗಿರಲಿಲ್ಲ, ಟೆಸ್ ಕಿರುಚಲು ಶುರು ಮಾಡಿದಳು. ಮೈ ಬಿಸಿ. ನೂರೊಂದು. ಗಲ್ಲ ಅದುರುತ್ತಿತ್ತು. ಕಾರನ್ನು ಡೇಲ್ ಕೆಲಸಕ್ಕೆ ಒಯ್ದಿದ್ದ. ಆಸ್ಪತ್ರೆಗೆ ಫೋನ್ ಮಾಡಿದರೆ ನರ್ಸ್, ನೂರನಾಲ್ಕು ದಾಟಿದರೆ ಮಾತ್ರ ಕರೆದುಕೊಂಡು ಬನ್ನಿ, ಇಲ್ಲವಾದರೆ ಮನೆಯಲ್ಲೇ ನೋಡಿಕೊಳ್ಳಿ ಎಂದಳು. ಆಂಬುಲೆನ್ಸನ್ನು ಆ ವಸಂತದಲ್ಲಿ ಆಗಲೇ ಎರಡು ಸಲ ಕರೆಸಿದ್ದೆ, ಎರಡನೇ ಸಲ ಬಂದವನು "ಏನಮ್ಮಾ, ಈ ಸಲ ಯಾವ ಹಲ್ಲು?" ಎಂದು ಕೇಳಿ ನಕ್ಕಿದ್ದ. ಮೂರನೇ ಸಲ ಆ ನಗು ನೋಡುವ ಧೈರ್ಯ ನನಗಿರಲಿಲ್ಲ. ಬೆರಳು ತಾನಾಗಿ ಮಿಸ್ ಆಲ್ತಿಯಾ ನಂಬರಿಗೆ ಹೋಯಿತು.

ಅವರು ಶಾಲೆಯ ಅಂಗಳದಲ್ಲಿ ಕಾರಿನೊಳಗೆ ಕೂತಿದ್ದರು.

"ಎಷ್ಟಿದೆ?"

"ನೂರನಾಲ್ಕು."

"ಬಂದೆ."

ಏಳು ನಿಮಿಷದಲ್ಲಿ ಬಂದರು. ಟೆಸ್‌ಳ ಹಣೆಯ ಮೇಲೆ ಅಂಗೈ ಇಟ್ಟರು, ಆಮೇಲೆ ನನ್ನ ಮುಖ ನೋಡಿದರು. ಮಗುವನ್ನು ಎತ್ತಿಕೊಂಡು ನಡೆದರು. ಆಸ್ಪತ್ರೆ ಕಾಲುವೆಯ ಆಚೆಗೆ. ಸೇತುವೆ ಕೆಳಗಿತ್ತು, ದಾಟಿದೆವು. ಡಾಕ್ಟರು ಬಾಯೊಳಗೆ ದೀಪ ಹಿಡಿದು ನೋಡಿ, "ಮೇಲಿನ ಹಲ್ಲು ಬರ್ತಿದೆ, ಅಷ್ಟೇ. ನೂರೊಂದು" ಎಂದರು.

"ಇಳಿದಿರಬೇಕು" ಎಂದೆ ನಾನು.

ಆಗ ಒಂಬತ್ತೂವರೆ. ಪರೀಕ್ಷೆ ಒಂಬತ್ತೂಕಾಲಿಗೆ ಶುರುವಾಗಿತ್ತು, ಆದರೆ ಹತ್ತರವರೆಗೆ ಒಳಗೆ ಬಿಡುತ್ತಾರೆ. ಶಾಲೆಗೆ ಎಂಟೇ ನಿಮಿಷದ ದಾರಿ. "ಹೋಗಿ ಮಿಸ್ ಆಲ್ತಿಯಾ, ದಮ್ಮಯ್ಯ, ಹೋಗಿ! ನಾನು ಡೇಲ್‌ನ ಕರೆಸ್ಕೋತೀನಿ" ಎಂದು ಹೆಚ್ಚುಕಡಿಮೆ ತಳ್ಳಿದೆ. ಅವರು ಹೋದರು.

ಮಧ್ಯಾಹ್ನ ಡೇಲ್ ನಮ್ಮನ್ನು ಮನೆಗೆ ತಂದು ಬಿಟ್ಟಾಗ ನಾನು ನೇರವಾಗಿ ಅವರ ಪಾಲಿಗೆ ಓಡಿದೆ. ಮಿಸ್ ಆಲ್ತಿಯಾ ನೀಲಿ ಉಡುಪಿನ ಮೇಲೆ ಏಪ್ರನ್ ಕಟ್ಟಿ ಒಲೆಯ ಮುಂದೆ ನಿಂತಿದ್ದರು. ತಿರುಗಲಿಲ್ಲ.

"ಸೇತುವೆ ಎದ್ದಿತ್ತು" ಎಂದರು.

ಮಿಸ್ ಎರ್ಲೀನ್ ಇನ್ನೂ ಹ್ಯಾಟ್ ಹಾಕಿಕೊಂಡೇ ಇದ್ದರು. "ಈ ದೋಣಿಯವರಿಗೆ ಬೆಳಿಗ್ಗೆ ಬೆಳಿಗ್ಗೆ ಅದೇನು ಅವಸರವೋ" ಎಂದು ಗೊಣಗಿದರು. ಆಮೇಲೆ ಎರಡೂ ಕೈಯಿಂದ ಮೆಲ್ಲಗೆ ಹ್ಯಾಟ್ ತೆಗೆದು ಮಡಿಲಲ್ಲಿಟ್ಟುಕೊಂಡು, ಅದರ ಅಂಚನ್ನು ಸವರುತ್ತ ಕೂತರು. ಟೆಸ್ ಹೇಗಿದ್ದಾಳೆ ಎಂದು ನನ್ನನ್ನು ಕೇಳಿದರು. ನಾನು ಚೆನ್ನಾಗಿದ್ದಾಳೆ ಎಂದೆ.

ಮೂರು ವಾರಕ್ಕೆ ಆಕೆ ತೀರಿಕೊಂಡರು. ಅದೇ ಕುರ್ಚಿಯಲ್ಲಿ, ಊಟದ ತಟ್ಟೆ ಇನ್ನೂ ಬಿಸಿಯಿದ್ದಾಗ. ಆ ಬಿಳಿ ಹ್ಯಾಟನ್ನು ಶವಪೆಟ್ಟಿಗೆಯೊಳಗೆ ಅವರ ಕೈಯ ಬಳಿ ಇಟ್ಟರು.

ಆಗಸ್ಟಿನಲ್ಲಿ ಅದೇ ಪರೀಕ್ಷೆ ಇನ್ನೊಮ್ಮೆ ಇತ್ತು. ನಾನು ಧೈರ್ಯ ಮಾಡಿ, ಪಾಠಕ್ಕೆಂದು ಪ್ರಶ್ನೆ ಉತ್ತರ ಬರೆದಿದ್ದ ಕಾರ್ಡುಗಳ ಕಟ್ಟು ಹಿಡಿದು ಹೋದೆ. ಮಿಸ್ ಆಲ್ತಿಯಾ ಅದನ್ನು ಮುಟ್ಟಲಿಲ್ಲ. "ಯಾರಿಗೆ ತೋರಿಸಲಿ ಕಂದಾ?" ಎಂದರು, ಅಷ್ಟೇ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಟೆಸ್ ಸೀನಿದಾಗ ಗೋಡೆಯ ಆ ಕಡೆಯಿಂದ ಯಾರೂ ಏನೂ ಹೇಳುತ್ತಿರಲಿಲ್ಲ. ನನಗೆ ಆ ಮನೆಯಲ್ಲಿರಲು ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಡೇಲ್‌ಗೆ ಸಿರಾಕ್ಯೂಸಿನಲ್ಲಿ ಕೆಲಸ ಸಿಕ್ಕಿದ್ದೇ ನೆಪವಾಗಿ, ಅವರು ಟ್ರಿಪ್ಪಿಗೆ ಹೋಗಿದ್ದ ಹೊತ್ತು ನೋಡಿ ಕೀಲಿಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಬಂದುಬಿಟ್ಟೆ.

ಈಗ ಮತ್ತೆ ಮೇ. ಜೂನಿನ ಪರೀಕ್ಷೆಗೆ ಶುಕ್ರವಾರದೊಳಗೆ ಹೆಸರು ಕೊಡಬೇಕೆಂದು ಆ ಶಾಲೆಯ ಪ್ರಕಟಣೆ ನೋಡಿದೆ. ಇವತ್ತು ಬುಧವಾರ. ಬೆಳಗಿನಿಂದ ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ. ಹತ್ತೂವರೆಗೆ, ಅವರು ಮನೆಯಲ್ಲಿರುವ ಹೊತ್ತಿಗೆ, ಐದನೇ ಸಲ ಎತ್ತಿಕೊಂಡು ಮಾಡಿಯೇಬಿಟ್ಟೆ.

"ಹಲೋ?"

"ಮಿಸ್ ಆಲ್ತಿಯಾ, ನಾನು ಜನೀನ್."

"ಮಗು ಹುಷಾರಾಗಿದೆ ತಾನೆ?" ಎಂದರು ಗಾಬರಿಯಲ್ಲಿ.

ಅದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. "ಹುಷಾರಾಗಿದ್ದಾಳೆ. ಆವತ್ತೂ ಹುಷಾರಾಗೇ ಇದ್ದಳು. ನೂರೊಂದು ಇತ್ತು ಮಿಸ್ ಆಲ್ತಿಯಾ. ನೂರನಾಲ್ಕು ಅಂತ ಸುಳ್ಳು ಹೇಳಿದೆ. ನೀವು ಬರಲ್ಲವೇನೋ ಅಂತ ಹೆದರಿ ಹೇಳಿದೆ."

"ಗೊತ್ತು."

"ಗೊತ್ತಾ?"

"ಮೂರು ಮಕ್ಕಳನ್ನ ಬೆಳೆಸಿದ ಕೈ ಇದು. ಹಣೆ ಮುಟ್ಟಿದ ಕೂಡಲೇ ಗೊತ್ತಾಯ್ತು."

"ಮತ್ತೆ ಯಾಕೆ ಆಗಲೇ ವಾಪಸ್ ಹೋಗಲಿಲ್ಲ? ಇನ್ನೂ ಎಷ್ಟೊಂದು ಹೊತ್ತಿತ್ತು! ಆಮೇಲೂ ಆ ಹಾಳು ಸೇತುವೆ ಏಳದೇ ಇದ್ದಿದ್ರೆ..."

"ಜನೀನ್, ಸೇತುವೆ ಎದ್ದಿರಲಿಲ್ಲ."

ಅವರ ಅಡುಗೆಮನೆಯ ಗಡಿಯಾರದ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಕೆಳಗೇ ಇತ್ತು" ಎಂದರು. "ದೋಣಿ ಇಲ್ಲ, ಗಂಟೆ ಇಲ್ಲ, ಏನೂ ಇಲ್ಲ. ಪಕ್ಕದಲ್ಲಿ ಕಾರು ನಿಲ್ಲಿಸ್ಕೊಂಡು ಕೂತೆ. ಮೊದಲನೇ ಪುಟ ಕಣ್ಮುಂದೆ ಬಂತು, ಎಲ್ಲರ ಪೆನ್ಸಿಲ್ಲೂ ಓಡ್ತಿರೋದು ಕೇಳಿಸ್ತು. ಹತ್ತು ಹೊಡೆಯೋವರೆಗೂ ಕಾಲುವೆ ನೀರು ನೋಡ್ತಾ ಕೂತಿದ್ದೆ. ನಿಜ ಹೇಳಲಾ? ಶಾಲೆ ಅಂಗಳದಲ್ಲಿ ನಿನ್ನ ಫೋನ್ ಬಂದಾಗ ನನಗೆ ಎದೆ ಹಗುರಾಯ್ತು. ಅಲ್ಲಿ ಅಮ್ಮ ಹ್ಯಾಟ್ ಹಾಕ್ಕೊಂಡು ಕೂತಿದ್ದಾಳೆ, ಇಲ್ಲಿ ನನಗೆ ಎದೆ ಹಗುರಾಯ್ತು. ಸೇತುವೆ ಎದ್ದಿತ್ತು ಅಂದೆ, ನಂಬಿದಳು. ನಂಬ್ಕೊಂಡೇ ಹೋದಳು. ನೀನು ನನ್ನ ಮುಖ ನೋಡೋಕಾಗದೆ ಹೋದೆ ಅಂತ ಗೊತ್ತಿತ್ತು. ಕರೆದು ಹೇಳಬೇಕಿತ್ತು ನಾನು. ಹೇಳಲಿಲ್ಲ."

ನಾನು ಶುಕ್ರವಾರದ ಮಾತೆತ್ತಿದೆ. ಹೆಸರು ಕೊಡಿ, ನಾನು ವಾರಕ್ಕೆರಡು ಸಲ ಬರುತ್ತೇನೆ, ಮೊದಲ ಪುಟವನ್ನೇ ನೂರು ಸಲ ಬಿಡಿಸೋಣ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬೇಡ ಕಂದಾ. ಅದು ಅಮ್ಮನಿಗಾಗಿ ಇತ್ತು."

ಟೆಸ್ ನನ್ನ ಕಾಲು ಹಿಡಿದು ಜಗ್ಗುತ್ತ ಫೋನಿಗಾಗಿ ಅಳಲು ಶುರು ಮಾಡಿದಳು. ಆ ಅಳು ಅಲ್ಲಿಗೂ ಕೇಳಿಸಿರಬೇಕು.

"ಹಲ್ಲು ಎಷ್ಟು ಬಂದಿವೆ ಈಗ?"

ಅವಳ ಬಾಯೊಳಗೆ ಬೆರಳಿಟ್ಟು ಎಣಿಸಿದೆ. ಕಚ್ಚಿದಳು. "ಹದಿನಾರು" ಎಂದೆ.

"ಹದಿನಾರಾ?" ಎಂದರು ಮಿಸ್ ಆಲ್ತಿಯಾ. "ಅಮ್ಮ ಎರಡೇ ನೋಡಿದ್ದಳು."

ಇಬ್ಬರೂ ಫೋನ್ ಇಡಲಿಲ್ಲ.